ಕ್ಯಾಶುವಾಲ್ಟಿಯ ಬಾಗಿಲಿಗೆ ಹೊಣೆ ಯಾರು?

ಕರ್ನಾಟಕದ ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ, ವೈದ್ಯರ ಮತ್ತು ಶುಶ್ರೂಷಕರ ಸಂಘಗಳ ಪದಾಧಿಕಾರಿಗಳಿಗೆ, ವೈದ್ಯಕೀಯ ಹಾಗೂ ನರ್ಸಿಂಗ್ ಕಾಲೇಜುಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಊರಿನಲ್ಲಿ ಗಲಭೆ ಎದ್ದಾಗ ಅಂಗಡಿಗಳು ಬಾಗಿಲೆಳೆದುಕೊಳ್ಳಬಹುದು, ಶಾಲೆಗಳಿಗೆ ರಜೆ ಸಾರಬಹುದು, ಬಸ್ಸುಗಳು ಡಿಪೋದಿಂದ ಹೊರಡದೇ ಇರಬಹುದು. ಆಸ್ಪತ್ರೆಗೆ ಮಾತ್ರ ಆ ಅನುಕೂಲವಿಲ್ಲ. ಕಲ್ಲು ತೂರಿದವರು, ಲಾಠಿ ಬೀಸಿದವರು, ಎರಡಕ್ಕೂ ಸಂಬಂಧವಿಲ್ಲದೆ ನಡುವೆ ಸಿಕ್ಕಿಕೊಂಡವರು ಎಲ್ಲರೂ ಅಂದು ಒಂದೇ ಕ್ಯಾಶುವಾಲ್ಟಿಗೆ ಬರುತ್ತಾರೆ. ಅವರ ಹಿಂದೆಯೇ ಬಂಧುಗಳು, ಬೆಂಬಲಿಗರು, ಪೊಲೀಸರು, ಪತ್ರಕರ್ತರು, ರಾಜಕಾರಣಿಗಳೂ ಬರುತ್ತಾರೆ. ಇಂಥ ಹೊತ್ತಿನಲ್ಲಿ ಆಸ್ಪತ್ರೆಯ ತಾಟಸ್ಥ್ಯವನ್ನು, ಅಂದರೆ ಗಾಯಾಳು ಯಾವ ಪಕ್ಷದವನೆಂದು ಕೇಳದೆ ಗಾಯದ ತೀವ್ರತೆಯನ್ನಷ್ಟೇ ನೋಡಿ ಚಿಕಿತ್ಸೆ ಕೊಡುವ ಕ್ರಮವನ್ನು, ಆ ಪಾಳಿಯಲ್ಲಿರುವ ಡ್ಯೂಟಿ ಡಾಕ್ಟರ ಮತ್ತು ಸಿಸ್ಟರುಗಳ ವೈಯಕ್ತಿಕ ಧೈರ್ಯಕ್ಕೆ ಬಿಟ್ಟುಬಿಡುವುದು ರೂಢಿಯಾಗಿದೆ. ಆ ಹೊಣೆ ವ್ಯಕ್ತಿಗಳದ್ದಲ್ಲ, ಸಂಸ್ಥೆಗಳದ್ದು ಮತ್ತು ಸಂಘಗಳದ್ದು. ಅದನ್ನು ಗಲಭೆಗೆ ಮೊದಲೇ, ಶಾಂತಿಯ ದಿನಗಳಲ್ಲಿ, ಬರಹದ ಮೂಲಕ ವಹಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2011ರಲ್ಲಿ ಬಹರೈನ್ ದೇಶದ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನಡೆದ ಘಟನಾವಳಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಬಹರೈನ್ ಪರ್ಷಿಯನ್ ಕೊಲ್ಲಿಯ ಒಂದು ಪುಟ್ಟ ದ್ವೀಪರಾಜ್ಯ. ಆ ಕಾಲಕ್ಕೆ ಅದರ ಜನಸಂಖ್ಯೆ ಸುಮಾರು 12 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದುಡಿಯಲು ಬಂದ ವಿದೇಶಿಯರು. ಕರ್ನಾಟಕದ ಕರಾವಳಿಗೂ ಆ ನಾಡಿಗೂ ದಶಕಗಳ ನಂಟಿದ್ದು, ಅಲ್ಲಿ ಕನ್ನಡ ಸಂಘವೂ ಇದೆ. ಆಳುವ ಮನೆತನ ಸುನ್ನಿ ಪಂಥದ್ದು, ದೇಶದ ನಾಗರಿಕರಲ್ಲಿ ಬಹುಸಂಖ್ಯಾತರು ಶಿಯಾ ಪಂಥದವರು. ಅರಬ್ ಜಗತ್ತಿನಲ್ಲೆಲ್ಲ ಜನ ಬೀದಿಗಿಳಿದಿದ್ದ 2011ರ ಫೆಬ್ರವರಿ 14ರಂದು ರಾಜಧಾನಿ ಮನಾಮಾದಲ್ಲಿಯೂ ರಾಜಕೀಯ ಸುಧಾರಣೆಗಾಗಿ ಚಳವಳಿ ಆರಂಭವಾಯಿತು. ಮೊದಲ ದಿನ ಸತ್ತವನ ಶವಯಾತ್ರೆ ಮರುದಿನ ಸಲ್ಮಾನಿಯಾ ಆಸ್ಪತ್ರೆಯಿಂದ ಹೊರಟಾಗ ಮತ್ತೊಬ್ಬ ಗುಂಡಿಗೆ ಬಲಿಯಾದ. ದೇಶದ ಅತಿ ದೊಡ್ಡ ಸಾರ್ವಜನಿಕ ಆಸ್ಪತ್ರೆಯೂ ಚಳವಳಿಗಾರರು ಬೀಡುಬಿಟ್ಟ ಪರ್ಲ್ ವೃತ್ತವೂ ಕೆಲವೇ ಕಿಲೋಮೀಟರ್ ಅಂತರದಲ್ಲಿದ್ದುದರಿಂದ, ಆಸ್ಪತ್ರೆ ಮೊದಲ ದಿನದಿಂದಲೇ ಘಟನೆಗಳ ನಡುವೆ ಸಿಲುಕಿತು.

ಫೆಬ್ರವರಿ 17ರ ನಸುಕಿನಲ್ಲಿ ಪೊಲೀಸರು ಮಲಗಿದ್ದ ಜನರ ಮೇಲೆ ಎರಗಿ ವೃತ್ತವನ್ನು ತೆರವುಗೊಳಿಸಿದಾಗ ನಾಲ್ವರು ಸತ್ತರು, ಗಾಯಾಳುಗಳು ಸಲ್ಮಾನಿಯಾಕ್ಕೆ ಒಂದೇ ಸಮನೆ ಬರತೊಡಗಿದರು. ಆಂಬುಲೆನ್ಸ್‌ಗಳನ್ನು ತಡೆಯಲಾಗಿದೆ, ಆಂಬುಲೆನ್ಸ್ ಸಿಬ್ಬಂದಿಯನ್ನು ಥಳಿಸಲಾಗಿದೆ ಎಂಬ ಸುದ್ದಿ ಹಬ್ಬಿದೊಡನೆ ವೈದ್ಯರೂ ದಾದಿಯರೂ ಆಸ್ಪತ್ರೆಯ ಮುಂದೆಯೇ ಪ್ರತಿಭಟನೆಗೆ ನಿಂತು ಆರೋಗ್ಯ ಸಚಿವರ ರಾಜೀನಾಮೆ ಕೇಳಿದರು. ಮುಂದಿನ ವಾರಗಳಲ್ಲಿ ಆಸ್ಪತ್ರೆಯ ವಾಹನ ನಿಲುಗಡೆಯ ಜಾಗದಲ್ಲಿ ಡೇರೆಗಳೆದ್ದು, ಭಾಷಣ, ಘೋಷಣೆ, ಭಿತ್ತಿಚಿತ್ರಗಳಿಂದ ಆವರಣವು ಚಳವಳಿಯ ಎರಡನೆಯ ವೇದಿಕೆಯಂತಾಯಿತು. ವಾರ್ಡುಗಳೊಳಗೆ ಹಗಲಿರುಳು ಚಿಕಿತ್ಸೆ ನಡೆಯುತ್ತಿತ್ತು, ಹೊರಗೆ ಸಭೆ ನಡೆಯುತ್ತಿತ್ತು. ಎರಡರ ನಡುವಿನ ಗೆರೆ ಎಲ್ಲಿದೆಯೆಂದು ಹೇಳಬೇಕಾದ ಆಡಳಿತ ಅದನ್ನು ಹೇಳಲಿಲ್ಲ, ಅಥವಾ ಹೇಳಿದರೂ ಕೇಳಿಸುವಂತೆ ಹೇಳಲಿಲ್ಲ.

ಮಾರ್ಚ್ 14ರಂದು ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನದ ಪಡೆಗಳು ಬಹರೈನನ್ನು ಪ್ರವೇಶಿಸಿದವು. ಮರುದಿನ ದೊರೆ ಮೂರು ತಿಂಗಳ ತುರ್ತುಸ್ಥಿತಿಯನ್ನು ಘೋಷಿಸಿದರು. 16ರಂದು ವೃತ್ತವನ್ನು ಮತ್ತೆ ತೆರವುಗೊಳಿಸಿದ ದಿನವೇ ಸೇನೆ ಸಲ್ಮಾನಿಯಾವನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಮಕ್ಕಳ ಮೂಳೆ ಶಸ್ತ್ರಚಿಕಿತ್ಸಕ ಅಲಿ ಅಲ್ ಎಕ್ರಿ ಅವರನ್ನು ಮಾರ್ಚ್ 17ರಂದು ಆಪರೇಷನ್ ಥಿಯೇಟರಿನಿಂದಲೇ ಕರೆದೊಯ್ಯಲಾಯಿತು. ಒಟ್ಟು 48 ಮಂದಿ ವೈದ್ಯಕೀಯ ಸಿಬ್ಬಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಗುರುತರ ಆರೋಪ ಹೊತ್ತ 20 ಮಂದಿಯನ್ನು ರಾಷ್ಟ್ರೀಯ ಸುರಕ್ಷತಾ ನ್ಯಾಯಾಲಯವೆಂಬ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. ಆಸ್ಪತ್ರೆಯನ್ನು ಆಕ್ರಮಿಸಿಕೊಂಡದ್ದು, ಆಯುಧ ಇಟ್ಟುಕೊಂಡದ್ದು, ಸರ್ಕಾರವನ್ನು ಉರುಳಿಸಲು ಪ್ರಚೋದಿಸಿದ್ದು ಮುಂತಾದ ಆರೋಪಗಳ ಮೇಲೆ ಆ ನ್ಯಾಯಾಲಯ 2011ರ ಸೆಪ್ಟೆಂಬರ್ 29ರಂದು 13 ಮಂದಿಗೆ 15 ವರ್ಷ, ಇಬ್ಬರಿಗೆ 10 ವರ್ಷ, ಐವರಿಗೆ 5 ವರ್ಷ ಸೆರೆವಾಸ ವಿಧಿಸಿತು. ಜಗತ್ತಿನಾದ್ಯಂತ ಆಕ್ಷೇಪ ಎದ್ದ ಮೇಲೆ ಪ್ರಕರಣವು ನಾಗರಿಕ ನ್ಯಾಯಾಲಯಕ್ಕೆ ಬಂದು, 2012ರ ಜೂನ್ 14ರಂದು ಒಂಬತ್ತು ಮಂದಿ ಬಿಡುಗಡೆಯಾದರು, ಇನ್ನೊಂಬತ್ತು ಮಂದಿಗೆ ಒಂದು ತಿಂಗಳಿನಿಂದ ಐದು ವರ್ಷದವರೆಗಿನ ಶಿಕ್ಷೆಯಾಯಿತು; ಅದೇ ವರ್ಷದ ಅಕ್ಟೋಬರ್‌ನಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯ ಆ ಶಿಕ್ಷೆಗಳನ್ನು ಎತ್ತಿಹಿಡಿಯಿತು. ಈ ಒಂಬತ್ತು ಮಂದಿಯಲ್ಲಿ ಎಲ್ಲರಿಗಿಂತ ದೀರ್ಘ ಶಿಕ್ಷೆ ಪಡೆದ ಅಲ್ ಎಕ್ರಿ ಹೊರಬಂದದ್ದು 2017ರ ಮಾರ್ಚ್‌ನಲ್ಲಿ.

ಈ ಪ್ರಕರಣದಿಂದ ಕಲಿಯಬೇಕಾದುದು ಸಂತ್ರಸ್ತರ ಪಟ್ಟಿಯಲ್ಲಿ ಮಾತ್ರ ಇಲ್ಲ. ದೊರೆಯೇ ನೇಮಿಸಿದ್ದ, ಅಂತಾರಾಷ್ಟ್ರೀಯ ಕಾನೂನಿನ ವಿದ್ವಾಂಸ ಷರೀಫ್ ಬಸ್ಸಿಯೂನಿ ಅವರ ಅಧ್ಯಕ್ಷತೆಯ ಸ್ವತಂತ್ರ ವಿಚಾರಣಾ ಆಯೋಗ 2011ರ ನವೆಂಬರ್ 23ರಂದು ಸಲ್ಲಿಸಿದ ವರದಿ ಎರಡೂ ಕಡೆಯವರಿಗೆ ಕಹಿಯಾಗುವ ಮಾತುಗಳನ್ನು ಹೇಳಿತು. ಭದ್ರತಾ ಪಡೆಗಳು ಆಸ್ಪತ್ರೆಯ ಆವರಣದಲ್ಲಿ ಕಾನೂನುಬಾಹಿರವಾಗಿ ಜನರನ್ನು ಬಂಧಿಸಿದವು, ವೈದ್ಯಕೀಯ ಸಿಬ್ಬಂದಿಯೂ ಸೇರಿದಂತೆ ಕೆಲವರನ್ನು ಹಿಂಸಿಸಿದವು ಎಂದು ಅದು ದಾಖಲಿಸಿತು; ಕೆಲವು ವೈದ್ಯಕೀಯ ಸಿಬ್ಬಂದಿ ಒಮ್ಮೆ ವೈದ್ಯರಾಗಿ, ಒಮ್ಮೆ ರಾಜಕೀಯ ಕಾರ್ಯಕರ್ತರಾಗಿ ಪಾತ್ರ ಬದಲಿಸುತ್ತಿದ್ದರು ಎಂದೂ ದಾಖಲಿಸಿತು. ಮೊದಲನೆಯದು ಅಪರಾಧ, ಎರಡನೆಯದು, ಕಾರ್ಯಕರ್ತನಾಗಿ ನಿಂತವನ ಕೈಯ ಚಿಕಿತ್ಸೆಯಲ್ಲಿ ದೋಷವಿಲ್ಲದಿದ್ದರೆ, ಹೆಚ್ಚೆಂದರೆ ಶಿಸ್ತಿನ ಉಲ್ಲಂಘನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಆದರೆ ಆ ಉಲ್ಲಂಘನೆಯನ್ನು ಆಸ್ಪತ್ರೆಯ ಆಡಳಿತವೇ ಮೊದಲ ವಾರದಲ್ಲಿ ಒಂದು ಸುತ್ತೋಲೆಯಿಂದ ತಡೆದಿದ್ದರೆ, ಅದೇ ಕೆಲವು ತಿಂಗಳ ಮೇಲೆ ಸೇನಾ ನ್ಯಾಯಾಲಯದಲ್ಲಿ ರಾಜದ್ರೋಹದ ಸಾಕ್ಷ್ಯವಾಗಿ ಬೆಳೆದು ನಿಲ್ಲುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಸಂಸ್ಥೆ ಎಳೆಯದೇ ಬಿಟ್ಟ ಗೆರೆಯನ್ನು ಅಲ್ಲಿ ಪ್ರಭುತ್ವವೇ ತನಗೆ ಬೇಕಾದ ಕಡೆ ಎಳೆಯಿತು. ದಾಟಿದವರೆಂದು ಶಿಕ್ಷೆ ಅನುಭವಿಸಿದವರು ವ್ಯಕ್ತಿಗಳು.

ಆಸ್ಪತ್ರೆಯ ದಾಖಲೆಯೇ ಹೇಗೆ ಗಾಯಾಳುವಿಗೆ ಮುಳುವಾಗುತ್ತದೆ ಎಂಬುದನ್ನೂ ಸಲ್ಮಾನಿಯಾ ತೋರಿಸಿತು. ಗುಂಪು ಚದುರಿಸಲು ಬಳಸುವ ಪೆಲೆಟ್ ಬಂದೂಕಿನ ಒಂದೇ ಹೊಡೆತದಲ್ಲಿ ಹತ್ತಾರು ಸಣ್ಣ ಲೋಹದ ಗುಳಿಗೆಗಳು ಹರಡಿ ಮೈಹೊಕ್ಕುತ್ತವೆ. ಚರ್ಮದ ಮೇಲಿನ ಗಾಯ ಸಾಸಿವೆ ಗಾತ್ರದ್ದಾದರೂ ಎಕ್ಸ್‌ರೇ ಫಿಲ್ಮಿನಲ್ಲಿ ಅವು ಬಿಳಿಯ ಚುಕ್ಕೆಗಳಾಗಿ ಚೆಲ್ಲಿಕೊಂಡು ಕಾಣುತ್ತವೆ, ಮತ್ತು ಎಷ್ಟೋ ಗುಳಿಗೆಗಳನ್ನು ತೆಗೆಯುವುದಕ್ಕಿಂತ ಒಳಗೇ ಬಿಡುವುದು ಲೇಸಾದ್ದರಿಂದ ಆ ಚುಕ್ಕೆಗಳು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ. ವೈದ್ಯನ ಕಣ್ಣಿಗೆ ಅದು ಶ್ವಾಸಕೋಶ ತೂತಾಗಿದೆಯೇ, ಕಣ್ಣಿನ ಗುಡ್ಡೆಗೆ ತಗುಲಿದೆಯೇ ಎಂಬುದನ್ನು ತಿಳಿಸುವ ಚಿತ್ರ. ತನಿಖಾಧಿಕಾರಿಯ ಕಣ್ಣಿಗೆ ಅದು ಈತ ಅಂದು ಬೀದಿಯಲ್ಲಿದ್ದನೆಂಬ ರುಜುವಾತು. ಗಡಿರಹಿತ ವೈದ್ಯರು ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2011ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಮುಖ್ಯ ದೂರು ಇದೇ: ಗಾಯಗಳ ಗುರುತಿನಿಂದಲೇ ಚಳವಳಿಗಾರರನ್ನು ಹೆಕ್ಕಿ ಬಂಧಿಸಲಾಗುತ್ತಿದೆ, ಆದ್ದರಿಂದ ಗಾಯಗೊಂಡವರು ಆಸ್ಪತ್ರೆಗೆ ಬರಲು ಹೆದರುತ್ತಿದ್ದಾರೆ. ಹೀಗಾದಾಗ ನಷ್ಟ ಚಳವಳಿಗಾರನೊಬ್ಬನದ್ದಲ್ಲ. ಆಸ್ಪತ್ರೆಯೆಂದರೆ ಠಾಣೆ ಎಂಬ ಭಾವನೆ ಒಂದು ಕೇರಿಯಲ್ಲಿ ಬೇರೂರಿದರೆ ಅಲ್ಲಿನ ಬಸುರಿಯೂ ಸಕ್ಕರೆ ಕಾಯಿಲೆಯ ಮುದುಕನೂ ಆ ಕಡೆ ಹೆಜ್ಜೆ ಹಾಕಲು ಹಿಂಜರಿಯುತ್ತಾರೆ.

ಅಂತಾರಾಷ್ಟ್ರೀಯ ಕಾನೂನು ರಕ್ಷಿಸುತ್ತದಲ್ಲ ಎಂದು ತಾವು ಭಾವಿಸಬಹುದು. ರಕ್ಷಣೆ ಇದೆ, ಆದರೆ ಬೇಕಾದ ಜಾಗದಲ್ಲಿ ತೆಳುವಾಗಿದೆ. 1864ರ ಮೊದಲ ಜಿನೀವಾ ಒಪ್ಪಂದದಿಂದ 1949ರ ನಾಲ್ಕು ಒಪ್ಪಂದಗಳವರೆಗೆ ಆಸ್ಪತ್ರೆಗಳಿಗೂ ವೈದ್ಯಕೀಯ ಸಿಬ್ಬಂದಿಗೂ ಕೊಟ್ಟ ಅಭಯವೆಲ್ಲ ಯುದ್ಧಕಾಲದ್ದು. ವೈದ್ಯಧರ್ಮಕ್ಕೆ ಅನುಗುಣವಾದ ಚಿಕಿತ್ಸೆ ಕೊಟ್ಟದ್ದಕ್ಕಾಗಿ, ಚಿಕಿತ್ಸೆ ಪಡೆದವನು ಯಾರೇ ಆಗಿದ್ದರೂ, ಯಾರನ್ನೂ ದಂಡಿಸಕೂಡದೆಂದು ಬಿಡಿಸಿ ಹೇಳುವ 1977ರ ಹೆಚ್ಚುವರಿ ಪ್ರೋಟೋಕಾಲ್‌ಗಳು ಕೂಡ ಸಶಸ್ತ್ರ ಸಂಘರ್ಷಕ್ಕೆ ಅನ್ವಯಿಸುವಂಥವು, ಮತ್ತು ಭಾರತ ಅವುಗಳಿಗೆ ಸದಸ್ಯನಲ್ಲ. 2016ರ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 2286ನೆಯ ನಿರ್ಣಯದ ವ್ಯಾಪ್ತಿಯೂ ಅಷ್ಟೇ. ಮೆರವಣಿಗೆ, ಬಂದ್, ಲಾಠಿಪ್ರಹಾರ, ಗೋಲಿಬಾರ್‌ಗಳು ಯುದ್ಧವೆಂಬ ಮಟ್ಟಕ್ಕೆ ಏರುವುದಿಲ್ಲವಾದ್ದರಿಂದ, ಅಲ್ಲಿ ಉಳಿಯುವುದು ಮಾನವ ಹಕ್ಕುಗಳ ಒಡಂಬಡಿಕೆಗಳು, ದೇಶದ ಸಂವಿಧಾನ ಹಾಗೂ ವೃತ್ತಿಸಂಘಟನೆಗಳ ನೀತಿಸಂಹಿತೆ. ಬಲಪ್ರಯೋಗವಾದ ಮೇಲೆ ಗಾಯಾಳುಗಳಿಗೆ ಆದಷ್ಟು ಬೇಗ ವೈದ್ಯಕೀಯ ನೆರವು ಸಿಗುವಂತೆ ನೋಡಿಕೊಳ್ಳುವುದು ಪೊಲೀಸರದೇ ಕರ್ತವ್ಯವೆಂದು ವಿಶ್ವಸಂಸ್ಥೆಯ 1990ರ ಮೂಲತತ್ವಗಳು ಹೇಳುತ್ತವೆ. ಶಾಂತಿಕಾಲದ ವೈದ್ಯಧರ್ಮವೇ ಸಂಘರ್ಷದ ಮತ್ತು ತುರ್ತಿನ ಕಾಲದ ವೈದ್ಯಧರ್ಮ ಎಂದು ವಿಶ್ವ ವೈದ್ಯಕೀಯ ಸಂಘವೂ ರೆಡ್‌ಕ್ರಾಸ್ ಅಂತಾರಾಷ್ಟ್ರೀಯ ಸಮಿತಿಯೂ ಅಂತಾರಾಷ್ಟ್ರೀಯ ದಾದಿಯರ ಮಂಡಳಿಯೂ ಒಟ್ಟಾಗಿ ಸಾರಿವೆ. ಇವುಗಳಿಗೆ ನೈತಿಕ ಬಲವಿದೆ. ಆದರೆ ಬಾಗಿಲಲ್ಲಿ ನಿಂತ ಸಬ್ ಇನ್‌ಸ್ಪೆಕ್ಟರಿಗೆ ತೋರಿಸಬಹುದಾದ ಕಾಗದವಾಗಿ ಅವನ್ನು ಇಳಿಸಬೇಕಾದ್ದು ಆಯಾ ಆಸ್ಪತ್ರೆಯ ಕೆಲಸ.

ಭಾರತದ ಕಾನೂನು ಇದಕ್ಕೆ ಗಟ್ಟಿ ನೆಲವನ್ನೇ ಒದಗಿಸಿದೆ. ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಗಾಯಾಳು ನಿರಪರಾಧಿಯೋ ಅಪರಾಧಿಯೋ ಎಂಬುದನ್ನು ಲೆಕ್ಕಿಸದೆ, ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ, ಮೊದಲು ಜೀವ ಉಳಿಸುವ ಹೊಣೆ ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯನ ಮೇಲಿದೆ ಎಂದಿತು. 2020ರ ಫೆಬ್ರವರಿಯಲ್ಲಿ ಈಶಾನ್ಯ ದೆಹಲಿ ಹೊತ್ತಿ ಉರಿಯುತ್ತಿದ್ದಾಗ ಮುಸ್ತಫಾಬಾದಿನ ಅಲ್ ಹಿಂದ್ ಎಂಬ ಸಣ್ಣ ಆಸ್ಪತ್ರೆಯಿಂದ ಗಾಯಾಳುಗಳನ್ನು ದೊಡ್ಡಾಸ್ಪತ್ರೆಗೆ ಸಾಗಿಸಲು ದಾರಿಯೇ ಇಲ್ಲದಾಯಿತು. 25ರ ನಡುರಾತ್ರಿ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರ ಮನೆಯಲ್ಲಿ ಕಲಾಪ ನಡೆಸಿದ ದೆಹಲಿ ಹೈಕೋರ್ಟ್ ಪೀಠ, ಎರಡು ಶವಗಳೂ 22 ಗಾಯಾಳುಗಳೂ ತಮ್ಮಲ್ಲಿದ್ದಾರೆಂದು ಅಲ್ಲಿನ ವೈದ್ಯರು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ಸುರಕ್ಷಿತ ಸಾಗಣೆಗೆ ಪೊಲೀಸರಿಗೆ ಆದೇಶಿಸಿತು. ಅದಕ್ಕೆ ಎರಡು ತಿಂಗಳ ಹಿಂದೆ, 2019ರ ಡಿಸೆಂಬರ್ 19ರಂದು, ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಗೋಲಿಬಾರ್ ಆಗಿ ಇಬ್ಬರು ಸತ್ತ ದಿನ, ಗಾಯಾಳುಗಳನ್ನು ಕರೆತಂದಿದ್ದ ಖಾಸಗಿ ಆಸ್ಪತ್ರೆಯೊಂದರೊಳಕ್ಕೆ ಪೊಲೀಸರು ನುಗ್ಗಿದ ಸಿಸಿಟಿವಿ ದೃಶ್ಯಗಳು ಬಹಿರಂಗವಾದವು. ಒಳಗೆ ಅಶ್ರುವಾಯು ಸಿಡಿಸಿದರೆಂಬ ದೂರೂ ಬಂತು. ಪೊಲೀಸರ ಸಮರ್ಥನೆ ಏನೇ ಇರಲಿ, ಆ ಹೊತ್ತಿನಲ್ಲಿ ಬಾಗಿಲ ಬಳಿ ಯಾರು ಯಾರನ್ನು ಯಾವ ಅಧಿಕಾರದಿಂದ ಕೇಳಬೇಕಿತ್ತು ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿರುವ ಆಸ್ಪತ್ರೆಗಳು ಈ ರಾಜ್ಯದಲ್ಲಿ ಎಷ್ಟಿವೆ ಎಂಬುದನ್ನು ತಮ್ಮ ಸಂಘಗಳೇ ಎಣಿಸಿ ನೋಡಬೇಕು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕರ್ನಾಟಕದ 2009ರ ಕಾಯ್ದೆ ರೊಚ್ಚಿಗೆದ್ದ ಬಂಧುಗಳಿಂದ ರಕ್ಷಣೆ ಕೊಡಲು ರೂಪುಗೊಂಡದ್ದು. ರಾಜಕೀಯ ಗಲಭೆಯ ಹೊತ್ತಿನ ಈ ಪ್ರಶ್ನೆಗೆ ಉತ್ತರಿಸುವುದು ಅದರ ಉದ್ದೇಶವಾಗಿರಲಿಲ್ಲ.

ಇಲ್ಲಿ ಪೊಲೀಸರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಗಾಯಗೊಂಡ ಮಾತ್ರಕ್ಕೆ ಯಾರೂ ಕಾನೂನಿಗೆ ಅತೀತರಾಗುವುದಿಲ್ಲ. ಆಯುಧದೊಡನೆ ವಾರ್ಡಿನಲ್ಲಿ ಅಡಗಿದವನಿಂದ ಉಳಿದ ರೋಗಿಗಳಿಗೇ ಅಪಾಯ. ಗುಂಡೇಟು, ಇರಿತ, ಹೊಡೆದಾಟದ ಗಾಯಗಳನ್ನು ಎಂಎಲ್‌ಸಿ, ಅಂದರೆ ಕಾನೂನಿನ ತನಿಖೆಗೆ ಒಳಪಡುವ ವೈದ್ಯಕೀಯ ಪ್ರಕರಣ, ಎಂದು ದಾಖಲಿಸಿ ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯವೂ ಹೌದು. ಪೊಲೀಸರಲ್ಲಿಯೂ ತಲೆಯೊಡೆದುಕೊಂಡು ಬರುವವರಿದ್ದಾರೆ, ಅವರಿಗೂ ಅದೇ ಬಾಗಿಲು ಅದೇ ವೇಗದಲ್ಲಿ ತೆರೆಯಬೇಕು. ತಾಟಸ್ಥ್ಯವು ತನಿಖೆಯನ್ನು ತಡೆಯುವುದಿಲ್ಲ, ಅದರ ಸರದಿಯನ್ನು ಗೊತ್ತುಮಾಡುತ್ತದೆ: ಮೊದಲು ಚಿಕಿತ್ಸೆ, ಬಳಿಕ ಹೇಳಿಕೆ, ಅದೂ ರೋಗಿ ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾನೆಂದು ವೈದ್ಯರು ಬರೆದುಕೊಟ್ಟ ಮೇಲೆ.

ವೈದ್ಯರಿಗೂ ದಾದಿಯರಿಗೂ ನಾಗರಿಕರಾಗಿ ರಾಜಕೀಯ ನಿಲುವಿರಬಾರದೇ ಎಂಬ ಪ್ರಶ್ನೆ ಇದಕ್ಕಿಂತ ಜಟಿಲವಾದದ್ದು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡ ಎರಡೇ ದಿನಕ್ಕೆ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಕೆಲಸ ಬಿಟ್ಟು ಹೊರಬಂದು ನಾಗರಿಕ ಅಸಹಕಾರ ಚಳವಳಿಗೆ ನಾಂದಿ ಹಾಡಿದರು. ಹಲವರು ಧರ್ಮಾರ್ಥ ಚಿಕಿತ್ಸಾಲಯಗಳಲ್ಲಿ ರೋಗಿಗಳನ್ನು ನೋಡುತ್ತ, ತಾವು ತೊರೆದದ್ದು ಸೇನೆಯ ಆಡಳಿತವನ್ನೇ ಹೊರತು ರೋಗಿಗಳನ್ನಲ್ಲ ಎಂದು ತೋರಿಸಲು ಯತ್ನಿಸಿದರು. ಸೇನಾಡಳಿತ ದಂಡಸಂಹಿತೆಯ 505(ಎ) ಕಲಮಿನಡಿ ಅವರ ಮೇಲೆ ಮೊಕದ್ದಮೆ ಹೂಡಿತು. ಸರ್ಕಾರಿ ಆಸ್ಪತ್ರೆಯ ಹೊರತು ಬೇರೆ ಗತಿಯಿಲ್ಲದ ಬಡ ರೋಗಿಗಳಿಗೆ ಆ ನಿರ್ಗಮನದಿಂದ ತೊಂದರೆಯಾಗಲಿಲ್ಲ ಎನ್ನುವಂತಿಲ್ಲ. ಕಾನೂನುಬಾಹಿರ ಆಡಳಿತದ ಕೈಕೆಳಗೆ ಸುಮ್ಮನೆ ದುಡಿಯುವುದೇ ವೃತ್ತಿಧರ್ಮ ಎನ್ನುವಂತೆಯೂ ಇಲ್ಲ. ಈ ಇಕ್ಕಟ್ಟಿಗೆ ಎಲ್ಲ ದೇಶಕಾಲಗಳಿಗೂ ಸಲ್ಲುವ ಪರಿಹಾರವಿಲ್ಲವಾದರೂ ಒಂದು ಕನಿಷ್ಠ ಗೆರೆ ಎಲ್ಲೆಡೆಯೂ ಸಾಧ್ಯ: ಪ್ರತಿಭಟಿಸುವವರು ಕರ್ತವ್ಯದ ವೇಳೆಯ ಹೊರಗೆ, ಏಪ್ರನ್ ಕಳಚಿಟ್ಟು, ಆಸ್ಪತ್ರೆಯ ಆವರಣದಿಂದ ಆಚೆ ಪ್ರತಿಭಟಿಸಲಿ; ಹಾಗೆ ಮಾಡಿದವರನ್ನು ಅದೊಂದೇ ಕಾರಣಕ್ಕೆ ಸಂಸ್ಥೆ ಶಿಕ್ಷಿಸದಿರಲಿ.

ಇಷ್ಟರ ಮೇಲೆ ತಮ್ಮಿಂದ ನಿರೀಕ್ಷಿಸುವ ಕೆಲಸ ದೊಡ್ಡದಲ್ಲ: ಪ್ರತಿ ಆಸ್ಪತ್ರೆಗೂ ಎರಡು ಪುಟದ, ಕನ್ನಡದಲ್ಲಿ ಬರೆದ ಒಂದು ನಿಯಮಾವಳಿ. ಅದರಲ್ಲಿ ಮೊದಲನೆಯದಾಗಿ, ಹಗಲು ಮತ್ತು ರಾತ್ರಿಯ ಪ್ರತಿ ಪಾಳಿಯಲ್ಲೂ ಪೊಲೀಸರೊಡನೆ ಮಾತನಾಡುವ ಅಧಿಕಾರ ಯಾರದೆಂಬುದು ಹುದ್ದೆಯ ಹೆಸರಿನೊಡನೆ ನಮೂದಾಗಿರಬೇಕು. ಮೆಡಿಕಲ್ ಸೂಪರಿಂಟೆಂಡೆಂಟ್ ಇಲ್ಲದಾಗ ರೆಸಿಡೆಂಟ್ ಮೆಡಿಕಲ್ ಆಫೀಸರ್ (ಆರ್‌ಎಂಓ), ಅವರೂ ಇಲ್ಲದಾಗ ಇಂಥವರು ಎಂದು ಕೊನೆಯವರೆಗೆ ಸರಣಿ ಇಳಿಯಬೇಕು. ಪೊಲೀಸ್ ಕೋರಿಕೆಯನ್ನು ಹೆಸರು, ಹುದ್ದೆ, ವೇಳೆ, ಉದ್ದೇಶಗಳೊಡನೆ ರಿಜಿಸ್ಟರಿನಲ್ಲಿ ಬರೆಸಿಕೊಳ್ಳಬೇಕು, ಮತ್ತು ತತ್‌ಕ್ಷಣದ ಜೀವಾಪಾಯವಿದ್ದಾಗ ಹೊರತು ಐಸಿಯು, ಆಪರೇಷನ್ ಥಿಯೇಟರ್, ಹೆರಿಗೆ ವಾರ್ಡುಗಳೊಳಗೆ ಆಯುಧದೊಡನೆ ಯಾರೂ ಬರುವಂತಿಲ್ಲವೆಂದು ಜಿಲ್ಲಾ ಪೊಲೀಸರೊಡನೆ ಮೊದಲೇ ಒಪ್ಪಂದವಾಗಿರಬೇಕು. ಎರಡನೆಯದಾಗಿ, ಆವರಣದೊಳಗೆ ಯಾವ ಪಕ್ಷದ ಬಾವುಟ, ಭಾಷಣ, ಘೋಷಣೆಗೂ ಎಡೆಯಿಲ್ಲ, ಕ್ಯಾಮೆರಾ ಹಿಂಡಿನೊಡನೆ ಗಾಯಾಳುವಿನ ಹಾಸಿಗೆಯ ಬಳಿ ಬರುವ ಶಾಸಕ, ಸಚಿವರಿಗೂ ಅದೇ ನಿಯಮ ಎಂಬುದು ಸ್ಪಷ್ಟವಾಗಿರಬೇಕು. ಮಾಧ್ಯಮಗಳಿಗೆ ಗಾಯಾಳುಗಳ ಸಂಖ್ಯೆ ಮತ್ತು ಸ್ಥಿತಿಯನ್ನು ತಿಳಿಸಲು ಒಬ್ಬರೇ ವಕ್ತಾರರಿರಬೇಕು.

ಮೂರನೆಯದು ದಾಖಲೆಯ ಶಿಸ್ತು. ಟ್ರಯಾಜ್, ಅಂದರೆ ಬಂದವರನ್ನು ಕೆಂಪು, ಹಳದಿ, ಹಸಿರು, ಕಪ್ಪು ಗುರುತಿನಿಂದ ಗಾಯದ ತೀವ್ರತೆಗೆ ಅನುಸಾರ ವಿಂಗಡಿಸುವ ಕ್ರಮ, ಹೆಸರನ್ನೂ ಧರ್ಮವನ್ನೂ ಕೇಳುವ ಮೊದಲೇ ಮುಗಿಯಬೇಕು. ಗಾಯ ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ, ಅಂಚು ಹೇಗಿದೆ, ಸುತ್ತ ಸುಟ್ಟ ಗುರುತಿದೆಯೇ ಎಂಬುದು ಕೇಸ್ ಶೀಟಿನಲ್ಲಿ ಬರಬೇಕಾದ ಮಾತು. ಗಾಯವಾದ ಬಗೆಯನ್ನು ಗಾಯಾಳುವಿನ ಹೇಳಿಕೆಯ ಪ್ರಕಾರ ಎಂದೇ ಬರೆಯಬೇಕು. ಗಲಭೆಕೋರ, ದೇಶದ್ರೋಹಿ, ಅಮಾಯಕ ಮುಂತಾದ ತೀರ್ಮಾನಗಳಿಗೆ ಅಲ್ಲಿ ಜಾಗವಿಲ್ಲ. ಹಾಗೆ ಕಟ್ಟುನಿಟ್ಟಾಗಿ ಬರೆದ ಗಾಯದ ಪ್ರಮಾಣಪತ್ರವೇ ಮುಂದೆ ಗೋಲಿಬಾರ್ ನ್ಯಾಯವೋ ಅನ್ಯಾಯವೋ ಎಂಬ ವಿಚಾರಣೆಯಲ್ಲಿ ಎರಡೂ ಕಡೆಯವರು ನಂಬಬಹುದಾದ ಏಕೈಕ ಸಾಕ್ಷ್ಯವಾಗುತ್ತದೆ. ಎಂಎಲ್‌ಸಿ ಮಾಹಿತಿ ಕಾನೂನು ಹೇಳಿದ ದಾರಿಯಲ್ಲಿ ಹೋಗಲಿ. ರೋಗಿಗಳ ಪಟ್ಟಿ, ಎಕ್ಸ್‌ರೇ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಠಾಣೆಗಾಗಲಿ, ಪಕ್ಷದ ಕಚೇರಿಗಾಗಲಿ ಹೋಗಕೂಡದು.

ನಾಲ್ಕನೆಯದಾಗಿ, ಈ ನಿಯಮವನ್ನು ಪಾಲಿಸಿದ ಕಾರಣಕ್ಕೆ ಕಷ್ಟಕ್ಕೊಳಗಾದ ಸಿಬ್ಬಂದಿಯ ವಕೀಲರ ಖರ್ಚನ್ನೂ ಸಂಬಳವನ್ನೂ ಸಂಸ್ಥೆ ವಹಿಸಿಕೊಳ್ಳುತ್ತದೆಂಬ ನಿರ್ಣಯ ಬೇಕು. ಸಿಬ್ಬಂದಿ ಎಂದಾಗ ಎಂಬಿಬಿಎಸ್ ಪದವೀಧರರಷ್ಟೇ ಕಣ್ಣಮುಂದೆ ಬರುವುದುಂಟು. ಆದರೆ ಗಲಭೆಯ ಬೀದಿಗೆ ಮೊದಲು ಹೋಗುವವರು 108 ಆಂಬುಲೆನ್ಸಿನ ಚಾಲಕ ಮತ್ತು ಅದರೊಳಗಿನ ತುರ್ತು ಸಿಬ್ಬಂದಿ. ಅಶ್ರುವಾಯುವಿನಿಂದ ಕಣ್ಣು ಉರಿಯುವವರ ಬಟ್ಟೆ ಬಿಚ್ಚಿಸಿ ಮುಖ ತೊಳೆಸುವವರು ದಾದಿಯರು. ರಕ್ತ ಒರೆಸುವವರು ಗುತ್ತಿಗೆಯ ಗ್ರೂಪ್ ಡಿ ನೌಕರರು. ಏಜೆನ್ಸಿಯ ಮೂಲಕ ಬಂದವರೆಂಬ ನೆಪದಲ್ಲಿ ಇವರನ್ನು ಈ ರಕ್ಷಣೆಯಿಂದ ಹೊರಗಿಟ್ಟರೆ ನಿಯಮಾವಳಿ ಅರ್ಧ ಸತ್ತಂತೆ. ಕೊಲ್ಲಿ ದೇಶಗಳ ಆಸ್ಪತ್ರೆಗಳಿಗೆ ಹೊರಡುವ ಇಲ್ಲಿನ ನರ್ಸಿಂಗ್ ಪದವೀಧರರಿಗಂತೂ ಉದ್ಯೋಗದಾತನ ಕೈಯಲ್ಲಿ ವೀಸಾ ಇರುವ ನಾಡಿನಲ್ಲಿ ಗಲಭೆಯಾದರೆ ಯಾವುದನ್ನು ಮಾಡಬಹುದು, ಯಾವುದಕ್ಕೆ ಸಹಿ ಹಾಕಕೂಡದು ಎಂಬುದನ್ನು ಕಾಲೇಜಿನಲ್ಲೇ ಕಲಿಸಿ ಕಳುಹಿಸಬೇಕಾಗಿದೆ.

ಕೊನೆಯದು ಸಂಘಗಳ ಮೌನದ ಮಾತು. ಬಹರೈನಿನ ಬಂಧಿತ ವೈದ್ಯರಲ್ಲಿ ಅಲ್ ಎಕ್ರಿ ಸೇರಿದಂತೆ ಹಲವರು ಐರ್ಲೆಂಡಿನಲ್ಲಿ ತರಬೇತಿ ಪಡೆದವರು. ಅವರಿಗೆ ಶಿಕ್ಷಣವಿತ್ತ, ಬಹರೈನಿನಲ್ಲಿ ಶಾಖೆಯನ್ನೂ ಹೊಂದಿದ್ದ ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ತನ್ನವರ ಪರವಾಗಿ ದನಿಯೆತ್ತಲು ಹಿಂಜರಿಯಿತೆಂದು ಆ ದೇಶದ ವೈದ್ಯರೇ ಟೀಕಿಸಿದರು. 2011ರ ಬೇಸಗೆಯಲ್ಲಿ ಅವರಲ್ಲಿ ಕೆಲವರು ನಿಯೋಗವಾಗಿ ಬಹರೈನಿಗೆ ಹೋಗಿ ವಿಚಾರಿಸಿ ಬಂದರು. ಸಂಸ್ಥೆಗೆ ಕಟ್ಟಡಗಳಿರುತ್ತವೆ, ಪರವಾನಗಿಗಳಿರುತ್ತವೆ, ಆದ್ದರಿಂದ ಸಂಕಟದ ದಿನ ಅದು ಲೆಕ್ಕಾಚಾರ ಮಾಡುತ್ತದೆ. ತಮ್ಮ ಸಂಘಗಳೂ ಇದಕ್ಕೆ ಹೊರತಾಗಲಾರವು. ಗಲಭೆಯ ದಿನ ಯಾರ ಪರ ಮಾತನಾಡಿದರೂ ಅದು ಪಕ್ಷವಹಿಸಿದಂತೆ ಕೇಳಿಸುವುದರಿಂದ, ಯಾರೂ ಬಂಧಿತರಾಗದ, ಯಾರ ಹೆಸರೂ ಇನ್ನೂ ಕೇಳಿಬರದ ಈ ದಿನಗಳಲ್ಲೇ ನಿರ್ಣಯ ಅಂಗೀಕರಿಸುವುದು ವಿವೇಕ.

ಆದಕಾರಣ, ಈ ವಿಷಯವನ್ನು ತಮ್ಮ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ಕರಡು ಸಿದ್ಧಪಡಿಸುವ ಸಮಿತಿಯಲ್ಲಿ ದಾದಿಯರಿಗೂ ಆಂಬುಲೆನ್ಸ್ ನೌಕರರಿಗೂ ಸ್ಥಾನವಿರಬೇಕು. ಒಪ್ಪಿತವಾದ ನಿಯಮಾವಳಿಯನ್ನು ಕ್ಯಾಶುವಾಲ್ಟಿಯ ಗೋಡೆಗೆ ಅಂಟಿಸಿ, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ತಲುಪಿಸಿ ಸ್ವೀಕೃತಿ ಪಡೆದಿಡಬೇಕು ಎಂಬುದು ಈ ಪತ್ರದ ಕೋರಿಕೆ.

ಇತಿ,
ಆಸ್ಪತ್ರೆಗಳನ್ನು ನಂಬಿರುವ ನಾಗರಿಕರ ಪರವಾಗಿ